ಹೊಸ್ತಿಲ ಮೇಲಿನ ತೂಕ

ನಾನೂರು ಕಿಲೋ ಕಾಗದ ಹೇರಿದ ಕೈಗಾಡಿಯನ್ನು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ತಳ್ಳುವುದು ಅಂಥ ಕಷ್ಟದ ಕೆಲಸವಲ್ಲ. ಚಕ್ರ ಸರಿಯಾಗಿದ್ದರೆ ಎಂಟು-ಹತ್ತು ಕಿಲೋ ತೂಕ ಎತ್ತುವಷ್ಟು ಬಲ ಸಾಕು. ಅದೇ ಗಾಡಿಯ ಮುಂದಿನ ಚಕ್ರಗಳು ಒಂದು ಸೆಂಟಿಮೀಟರ್ ಎತ್ತರದ ಅಂಚಿಗೆ ತಾಗಿ ನಿಂತವೆನ್ನಿ. ಚಕ್ರದ ವ್ಯಾಸ ಹತ್ತು ಸೆಂಟಿಮೀಟರ್, ಅರ್ಧ ಭಾರ ಮುಂದಿನ ಚಕ್ರಗಳ ಮೇಲಿದೆ ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ ಈಗ ಬೇಕಾಗುವುದು ನೂರೈವತ್ತು ಕಿಲೋ ಬಲ. ಅಂಚಿನ ಎತ್ತರ ಎರಡೂವರೆ ಸೆಂಟಿಮೀಟರ್ ಆದರೆ ಮುನ್ನೂರೈವತ್ತು ಕಿಲೋ ಹತ್ತಿರ. ಐದು ಸೆಂಟಿಮೀಟರ್, ಅಂದರೆ ಚಕ್ರದ ನಡುವಿನ ಅಚ್ಚಿನಷ್ಟು ಎತ್ತರವಾದರೆ, ಎಷ್ಟು ಜನ ಸೇರಿ ಅಡ್ಡಡ್ಡಲಾಗಿ ತಳ್ಳಿದರೂ ಗಾಡಿ ಹತ್ತುವುದಿಲ್ಲ. ಚಕ್ರವನ್ನು ಎತ್ತಿಯೇ ಇಡಬೇಕು.

ಗೂಡ್ಸ್ ಲಿಫ್ಟ್ ನಡೆಸುವವರ ಕೆಲಸವೆಂದರೆ ಗುಂಡಿ ಒತ್ತಿ ಮೇಲೆ ಕೆಳಗೆ ಓಡಾಡುವುದು ಎಂದು ಹೊರಗಿನವರು ತಿಳಿದಿರುತ್ತಾರೆ. ಆ ಓಡಾಟವನ್ನು ಮೋಟರ್ ಮಾಡುತ್ತದೆ. ಆಪರೇಟರ್ ಮಾಡುವುದು ಈ ಒಂದು ಸೆಂಟಿಮೀಟರನ್ನು ಇಲ್ಲವಾಗಿಸುವ ಕೆಲಸ. ಕಟ್ಟಡದ ನೆಲ, ಲಿಫ್ಟಿನ ನೆಲ ಎರಡೂ ಒಂದೇ ಮಟ್ಟಕ್ಕೆ ಬಂದು ನಿಲ್ಲಬೇಕು. ಭಾರ ಒಳಗೆ ಬರುತ್ತಿರುವಾಗಲೂ ಹೊರಗೆ ಹೋಗುತ್ತಿರುವಾಗಲೂ ಆ ಮಟ್ಟ ಉಳಿಯಬೇಕು. ಲಿಫ್ಟಿನ ವಿಜ್ಞಾನವೆಂದರೆ ಹಗ್ಗ, ಮೋಟರ್, ಎತ್ತರ ಎಂದುಕೊಂಡು ಹೊರಟವರು ಕೊನೆಗೆ ಬಂದು ನಿಲ್ಲುವುದು ಈ ಹೊಸ್ತಿಲಿಗೇ. ಅಪಘಾತಗಳು ಹೆಚ್ಚಾಗಿ ನಡೆಯುವುದೂ ಇಲ್ಲೇ. ಗಾಡಿ ಅಂಚಿಗೆ ಸಿಕ್ಕಿಕೊಂಡಾಗ ಹಮಾಲಿಗಳು ಹಿಂದಕ್ಕೆ ಎಳೆದು, ಓಡಿಬಂದು ಗುದ್ದುತ್ತಾರೆ. ಚಕ್ರ ನಿಲ್ಲುತ್ತದೆ, ಮೇಲಿನ ಮಾಲು ನಿಲ್ಲುವುದಿಲ್ಲ.

ನೆಲ ನೆಲಕ್ಕೆ ಸರಿಯಾಗಿ ಕೂರುವುದು ಏಕೆ ಇಷ್ಟು ಕಷ್ಟ? ಉತ್ತರ ಲಿಫ್ಟಿನ ಹಿಂಬದಿಯ ಕತ್ತಲಲ್ಲಿ ಓಡಾಡುವ, ಯಾರೂ ನೋಡದ ಎರಡನೆಯ ತೂಕದಲ್ಲಿದೆ.

ಕೇಬಿನ್ನಿಗೆ ಕಟ್ಟಿದ ತಂತಿಹಗ್ಗ ಮೇಲಿನ ರಾಟೆಯನ್ನು ಬಳಸಿ ಇನ್ನೊಂದು ಬದಿಗೆ ಇಳಿಯುತ್ತದೆ. ಅಲ್ಲಿ ಎರಕದ ಕಬ್ಬಿಣದ ಅಥವಾ ಕಾಂಕ್ರೀಟಿನ ಬ್ಲಾಕುಗಳನ್ನು ಪೇರಿಸಿದ ಚೌಕಟ್ಟು ತೂಗುತ್ತಿರುತ್ತದೆ. ಇದು ಕೌಂಟರ್‌ವೇಟ್. ಇದರ ತೂಕ ಖಾಲಿ ಕೇಬಿನ್ನಿನ ತೂಕಕ್ಕೆ ಸಮ ಇರುವುದಿಲ್ಲ, ತುಂಬಿದ ಕೇಬಿನ್ನಿಗೂ ಸಮ ಇರುವುದಿಲ್ಲ. ಖಾಲಿ ಕೇಬಿನ್ನಿನ ತೂಕದ ಜೊತೆಗೆ ಅದು ಹೊರಬಲ್ಲ ಭಾರದ ಶೇ. 40ರಿಂದ 50ರಷ್ಟನ್ನು ಸೇರಿಸಿ ಇದನ್ನು ತೂಗಿಸಿರುತ್ತಾರೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕೇಬಿನ್ 1,500 ಕಿಲೋ, ಹೊರುವ ಸಾಮರ್ಥ್ಯ 2,000 ಕಿಲೋ, ಕೌಂಟರ್‌ವೇಟ್ 2,500 ಕಿಲೋ. ಲಿಫ್ಟ್ ಪೂರ್ತಿ ತುಂಬಿದಾಗ ಕೇಬಿನ್ನಿನ ಕಡೆ 1,000 ಕಿಲೋ ಹೆಚ್ಚು. ಖಾಲಿ ಇದ್ದಾಗ ಕೌಂಟರ್‌ವೇಟ್ ಕಡೆ 1,000 ಕಿಲೋ ಹೆಚ್ಚು. ಅರ್ಧ ತುಂಬಿದಾಗ ಎರಡೂ ಸರಿಸಮ. ಹಾಗಾಗಿ ಮೋಟರ್ ಮೂರೂವರೆ ಟನ್ನನ್ನು ಎತ್ತಬೇಕಾದ ಸಂದರ್ಭವೇ ಬರುವುದಿಲ್ಲ. ಅದರ ಪಾಲಿಗೆ ಬರುವುದು ಹೆಚ್ಚೆಂದರೆ ಒಂದು ಟನ್ನಿನ ವ್ಯತ್ಯಾಸ. ಕರೆಂಟು ಉಳಿಸುವ ಈ ಉಪಾಯ ಆಪರೇಟರಿಗೆ ಮಾತ್ರ ವಿಚಿತ್ರವಾದ ಯಂತ್ರವೊಂದನ್ನು ಕೊಡುತ್ತದೆ: ತುಂಬಿದಾಗ ಕೆಳಕ್ಕೆ ಎಳೆಯುವ, ಖಾಲಿಯಾದಾಗ ಮೇಲಕ್ಕೆ ಎಳೆಯುವ ಯಂತ್ರ.

ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಕಾಗದದ ಗೋಡೌನೊಂದರ ಹಳೆಯ ಲಿಫ್ಟ್ ನಡೆಸುತ್ತಿದ್ದ ಹಿರಿಯರೊಬ್ಬರು ಇದನ್ನು ನನಗೆ ಒಂದೇ ಮಾತಿನಲ್ಲಿ ಹೇಳಿದ್ದರು: "ತುಂಬಿದ್ದಾಗ ಹೆದರಿಕೆ ಇಲ್ಲ ಸಾರ್, ಖಾಲಿ ಇದ್ದಾಗಲೇ ಇದು ಹಾರೋದು." ಭೌತಶಾಸ್ತ್ರದ ಪಾಠ ಓದಿದವರೂ ಇದನ್ನು ಸುಲಭಕ್ಕೆ ನಂಬುವುದಿಲ್ಲ. ಬ್ರೇಕ್ ಕೈಕೊಟ್ಟರೆ ಲಿಫ್ಟ್ ಕೆಳಗೆ ಬೀಳುತ್ತದೆ ಎಂದೇ ನಮ್ಮ ಮನಸ್ಸು ಹೇಳುತ್ತದೆ. ಖಾಲಿ ಲಿಫ್ಟಿನ ಬ್ರೇಕ್ ಸಡಿಲವಾದರೆ ಅದು ಮೇಲಕ್ಕೆ ಓಡುತ್ತದೆ, ಓಡುತ್ತಾ ವೇಗ ಪಡೆಯುತ್ತದೆ. ಇತ್ತೀಚಿನ ಲಿಫ್ಟುಗಳಲ್ಲಿ ಮೇಲ್ಮುಖ ಅತಿವೇಗವನ್ನು ತಡೆಯಲು ಬೇರೆಯದೇ ಸಾಧನ ಇರುವುದು ಇದಕ್ಕಾಗಿ.

ಈಗ ನಿಲ್ಲಿಸುವ ಮಾತಿಗೆ ಬರೋಣ. ಹಳೆಯ ಒಂದೇ ವೇಗದ ಮೋಟರಿನ ಗೂಡ್ಸ್ ಲಿಫ್ಟಿನಲ್ಲಿ ವಿದ್ಯುತ್ ಕಡಿದ ಕೂಡಲೇ ಸ್ಪ್ರಿಂಗ್ ಬಲದಿಂದ ಬ್ರೇಕಿನ ಎರಡು ದವಡೆಗಳು ಡ್ರಮ್ಮನ್ನು ಕಚ್ಚುತ್ತವೆ. ಸ್ಪ್ರಿಂಗಿಗೆ ಲಿಫ್ಟಿನಲ್ಲಿ ಎಷ್ಟು ಭಾರವಿದೆ ಎಂದು ಗೊತ್ತಿಲ್ಲ, ಯಾವಾಗಲೂ ಒಂದೇ ಬಲದಿಂದ ಹಿಡಿಯುತ್ತದೆ. ನಮ್ಮ ಉದಾಹರಣೆಯ ಲಿಫ್ಟ್ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿದೆ, ಬ್ರೇಕಿನ ಹಿಡಿತ ಎರಡು ಟನ್ ತೂಕಕ್ಕೆ ಸಮ ಎನ್ನಿ. ಮೋಟರಿನ ತಿರುಗುವ ಭಾಗಗಳ ಜಡತ್ವವನ್ನು ಬಿಟ್ಟು ಲೆಕ್ಕ ಹಾಕಿದರೂ ಸಾಕು. ತುಂಬಿದ ಲಿಫ್ಟ್ ಮೇಲೆ ಹೋಗುತ್ತಿದ್ದರೆ ಎರಡೂವರೆ ಸೆಂಟಿಮೀಟರಿನಲ್ಲಿ ನಿಲ್ಲುತ್ತದೆ. ಅದೇ ಭಾರ ಹೊತ್ತು ಕೆಳಗೆ ಬರುತ್ತಿದ್ದರೆ ಸುಮಾರು ಎಂಟು ಸೆಂಟಿಮೀಟರ್ ಜಾರಿ ನಿಲ್ಲುತ್ತದೆ. ಖಾಲಿ ಲಿಫ್ಟ್ ಇದಕ್ಕೆ ಉಲ್ಟಾ: ಕೆಳಗೆ ಬರುವಾಗ ಎರಡು ಸೆಂಟಿಮೀಟರಿನ ಒಳಗೆ ನಿಲ್ಲುತ್ತದೆ, ಮೇಲೆ ಹೋಗುವಾಗ ಐದು ಸೆಂಟಿಮೀಟರ್ ದಾಟುತ್ತದೆ. ಒಂದೇ ಲಿಫ್ಟ್, ಒಂದೇ ಬ್ರೇಕ್. ಭಾರ ಮತ್ತು ದಿಕ್ಕು ಬದಲಾದ ಹಾಗೆ ನಿಲ್ಲುವ ಜಾಗ ಒಂದು ಹಿಡಿಯಷ್ಟು ಹಿಂದೆ ಮುಂದೆ ಆಗುತ್ತದೆ.

ಹಳೆಯ ಕಾಲದ ಆಪರೇಟರುಗಳ ಕೈಯಲ್ಲಿ ಗುಂಡಿ ಇರಲಿಲ್ಲ, ಹಿಡಿಕೆ ಇತ್ತು. ಒಂದು ಬದಿಗೆ ತಿರುಗಿಸಿದರೆ ಮೇಲೆ, ಇನ್ನೊಂದು ಬದಿಗೆ ಕೆಳಗೆ. ಕೈ ಬಿಟ್ಟರೆ ಹಿಡಿಕೆ ತಾನಾಗಿ ನಡುವಿಗೆ ಬಂದು ಲಿಫ್ಟ್ ನಿಲ್ಲುತ್ತಿತ್ತು. ನಡೆಸುವವನು ಪ್ರಜ್ಞೆ ತಪ್ಪಿ ಬಿದ್ದರೂ ಯಂತ್ರ ಓಡುತ್ತಲೇ ಇರಬಾರದು ಎಂಬ ಎಚ್ಚರ ಅದರಲ್ಲಿತ್ತು. ಆದರೆ ಯಾವ ಗಳಿಗೆಯಲ್ಲಿ ಕೈಬಿಡಬೇಕೆಂಬುದು ಪೂರ್ತಿ ಆತನ ಅಂದಾಜು. ಜಾಲರಿ ಗೇಟಿನ ಸಂದಿಯಲ್ಲಿ ಗೋಡೆ ಸರಿದುಹೋಗುವುದು ಕಾಣುತ್ತದೆ, ಮುಂದಿನ ಮಹಡಿಯ ಅಂಚು ಕಾಣಿಸುತ್ತದೆ. ಹೊರೆ ಎಷ್ಟಿದೆಯೆಂದು ಹೇರುವಾಗಲೇ ನೋಡಿರುತ್ತಾನೆ, ಮೋಟರಿನ ಸದ್ದು ಕೇಳಿರುತ್ತಾನೆ. ಇಷ್ಟೆಲ್ಲ ಸೇರಿ ಅಂಚು ಮೊಣಕಾಲ ಮಟ್ಟಕ್ಕೆ ಬಂದಾಗಲೋ ಪಾದದ ಮಟ್ಟಕ್ಕೆ ಬಂದಾಗಲೋ ಕೈಬಿಡಬೇಕೆಂಬ ತೀರ್ಮಾನ ಆಗುತ್ತದೆ. ಮೇಲೆ ನಾನು ಕಾಗದದಲ್ಲಿ ಹಾಕಿದ ಲೆಕ್ಕವನ್ನು ಇವರು ಮುಂಗೈಯಲ್ಲಿ ಹಾಕುತ್ತಿದ್ದರು. ಇದನ್ನು ಅಕ್ಷರಶಃ ಕೌಶಲವೆಂದು ಕರೆಯಬೇಕು. ಕೂಲಿಯ ಪಟ್ಟಿಯಲ್ಲಿ ಅದಕ್ಕೆ ಅಂಥ ಹೆಸರು ಸಿಕ್ಕಿದ್ದು ಕಡಿಮೆ ಎಂಬುದು ನನಗೆ ನೋವಿನ ಸಂಗತಿ.

ನಿಂತ ಮೇಲೂ ಕೆಲಸ ಮುಗಿಯುವುದಿಲ್ಲ. ತಂತಿಹಗ್ಗ ಉಕ್ಕಿನದಾದರೂ ಹಿಗ್ಗುತ್ತದೆ. ಹದಿಮೂರು ಮಿಲಿಮೀಟರ್ ದಪ್ಪದ ನಾಲ್ಕು ಹಗ್ಗಗಳಲ್ಲಿ ನೇರವಾಗಿ ತೂಗುವ ಕೇಬಿನ್ನೊಂದು ರಾಟೆಯಿಂದ ಹದಿನೈದು ಮೀಟರ್ ಕೆಳಗೆ ನಿಂತಿದೆ ಎನ್ನಿ. ಅದಕ್ಕೆ ಎರಡು ಟನ್ ಹೇರಿದರೆ ಹಗ್ಗ ಹಿಗ್ಗಿ ನೆಲ ಸುಮಾರು ಒಂದೂವರೆ ಸೆಂಟಿಮೀಟರ್ ಕುಸಿಯುತ್ತದೆ. ಅದೇ ಭಾರವನ್ನು ರಾಟೆಯ ಹತ್ತಿರದ ಮೇಲ್ಮಹಡಿಯಲ್ಲಿ ಹೇರಿದರೆ ಈ ಕುಸಿತ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಹಿಗ್ಗು ಹಗ್ಗದ ಉದ್ದಕ್ಕೆ ತಕ್ಕಂತೆ ಇರುತ್ತದೆ, ಆದ್ದರಿಂದ ನೆಲಮಹಡಿಯೇ ತೊಂದರೆಯ ಮಹಡಿ.

ಸುಲ್ತಾನ್‌ಪೇಟೆಯಲ್ಲಿ ನಾನು ಹತ್ತಿರದಿಂದ ನೋಡಿದ್ದು ಇದನ್ನೇ. ಹೇರುವ ಮೊದಲು ಆ ಹಿರಿಯರು ಲಿಫ್ಟನ್ನು ಗೋಡೌನಿನ ನೆಲಕ್ಕಿಂತ ಬೆರಳಿನಷ್ಟು ಎತ್ತರದಲ್ಲಿ ನಿಲ್ಲಿಸಿದರು. ಸಂದಿಯ ಮೇಲೆ ತೇದು ಹೊಳಪೇರಿದ ಕಬ್ಬಿಣದ ತಗಡೊಂದನ್ನು ಹಾಸಿದರು. ಮೊದಲ ಗಾಡಿ ತಗಡಿನ ಇಳಿಜಾರು ಹತ್ತಿ ಒಳಗೆ ಹೋಯಿತು, ನೆಲ ಕೊಂಚ ತಗ್ಗಿತು. ಎರಡನೆಯದು ಹೋಗುವಾಗ ಎರಡು ನೆಲಗಳೂ ಸಮನಾಗಿದ್ದವು. ಕೊನೆಯದು ಒಳಗೆ ಬಂದಾಗ ಲಿಫ್ಟಿನ ನೆಲವೇ ಸ್ವಲ್ಪ ಕೆಳಗಿತ್ತು. ತುಂಬಿದ ಗಾಡಿಗಳಲ್ಲಿ ಯಾವುದೂ ದೊಡ್ಡ ಅಂಚನ್ನು ಹತ್ತಬೇಕಾಗಿ ಬರಲಿಲ್ಲ. ಹುಡುಗನೊಬ್ಬ ಮಾಲನ್ನು ಬಾಗಿಲ ಬದಿಯಲ್ಲೇ ಇಳಿಸಲು ಹೊರಟಾಗ, "ಅಲ್ಲಲ್ಲ ಕಣಪ್ಪಾ, ನಡುವಿಗೆ ತಳ್ಳು, ನಡುವಿಗೆ" ಎಂದು ತಡೆದರು.

ನಡುವಿಗೇ ಏಕೆ? ಲಿಫ್ಟ್ ಕೇಬಿನ್ ಹಗ್ಗದಲ್ಲಿ ತೂಗುತ್ತದೆ ನಿಜ, ಆದರೆ ಅದು ವಾಲದಂತೆ ಹಿಡಿದಿರುವುದು ಎರಡು ಬದಿಯ ಕಬ್ಬಿಣದ ಹಳಿಗಳು. ಎತ್ತಿನ ಗಾಡಿಯ ಹಿಂಬದಿಗೆ ಹೇರು ಹೆಚ್ಚಾದರೆ ಮೂಕಿ ಮೇಲೆದ್ದು ನೊಗ ಎತ್ತುಗಳ ಕೊರಳನ್ನು ಎತ್ತುವ ಹಾಗೆಯೇ ಇಲ್ಲಿಯೂ ಆಗುತ್ತದೆ. ಎಂಟುನೂರು ಕಿಲೋ ಭಾರ ನಡುವಿನಿಂದ ಎಪ್ಪತ್ತು ಸೆಂಟಿಮೀಟರ್ ಆಚೆ ಕೂತರೆ, ಕೇಬಿನ್ನನ್ನು ಹಳಿಗೆ ಹಿಡಿದಿಡುವ, ಮೂರು ಮೀಟರ್ ಅಂತರದಲ್ಲಿರುವ ಮೇಲಿನ ಮತ್ತು ಕೆಳಗಿನ ಗೈಡ್‌ಗಳು ಹಳಿಯನ್ನು ಅಡ್ಡಡ್ಡಲಾಗಿ ಸುಮಾರು ನೂರೆಂಬತ್ತೈದು ಕಿಲೋ ಬಲದಿಂದ ಒತ್ತುತ್ತವೆ. ಹಳಿ ಸವೆಯುತ್ತದೆ, ಕೇಬಿನ್ ಕುಲುಕುತ್ತದೆ, ಬಾಗಿಲಿನ ಸಂದಿ ಒಂದು ಕಡೆ ಅಗಲವಾಗುತ್ತದೆ. ಫೋರ್ಕ್‌ಲಿಫ್ಟ್ ಒಳಗೆ ಬರುವ ಕಾರ್ಖಾನೆಗಳಲ್ಲಿ ಇದು ಇನ್ನೂ ಜೋರು, ಏಕೆಂದರೆ ಭಾರದ ಜೊತೆಗೆ ಫೋರ್ಕ್‌ಲಿಫ್ಟಿನ ಸ್ವಂತ ತೂಕವೂ ಕೆಲವು ಕ್ಷಣ ಹೊಸ್ತಿಲ ಅಂಚಿನ ಮೇಲೇ ನಿಲ್ಲುತ್ತದೆ. ಅಮೆರಿಕದ ಲಿಫ್ಟ್ ಸಂಹಿತೆ ಗೂಡ್ಸ್ ಲಿಫ್ಟುಗಳನ್ನು ಎಷ್ಟು ಹೊರುತ್ತವೆ ಎಂಬುದರ ಜೊತೆಗೆ ಹೇಗೆ ಹೇರಲಾಗುತ್ತದೆ ಎಂಬುದರ ಮೇಲೂ ವಿಂಗಡಿಸಿದೆ. ಕೈಯಿಂದ ಹೇರುವ ಸಾಮಾನ್ಯ ವರ್ಗದಲ್ಲಿ ಯಾವುದೇ ಒಂದು ತುಂಡು ಒಟ್ಟು ಸಾಮರ್ಥ್ಯದ ಕಾಲುಭಾಗವನ್ನು ಮೀರುವಂತಿಲ್ಲ. ಎರಡು ಟನ್ ಎಂದು ಬರೆದಿರುವ ಲಿಫ್ಟಿಗೆ ಒಂದೂವರೆ ಟನ್ನಿನ ಒಂದೇ ಯಂತ್ರವನ್ನು ತುರುಕಬಹುದು ಎಂದು ವಾದಿಸುವ ಮಾಲೀಕರು ಓದಬೇಕಾದ ನಿಯಮವಿದು.

ಇಷ್ಟೆಲ್ಲ ಹೇಳಿದ ಮೇಲೂ ಓದುಗರ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದಿರುತ್ತದೆ: ಹಗ್ಗ ಹರಿದರೆ? ಲಿಫ್ಟ್ ಹತ್ತಿದ ಪ್ರತಿಯೊಬ್ಬರಲ್ಲೂ ಇರುವ ಭಯ ಅದು. ಅದಕ್ಕೆ ಉತ್ತರವನ್ನೂ ಮೊದಲು ಕೊಟ್ಟದ್ದು ಗೂಡ್ಸ್ ಲಿಫ್ಟೇ.

1850ರ ದಶಕದ ಆರಂಭದಲ್ಲಿ ಎಲಿಶಾ ಓಟಿಸ್ ನ್ಯೂಯಾರ್ಕ್ ಬಳಿಯ ಯಾಂಕರ್ಸ್‌ನಲ್ಲಿ ಮಂಚ ತಯಾರಿಸುವ ಕಾರ್ಖಾನೆಯ ಮೇಸ್ತ್ರಿಯಾಗಿದ್ದರು. ಭಾರದ ಸಾಮಾನನ್ನು ಮೇಲಿನ ಮಹಡಿಗೆ ಎತ್ತಬೇಕಿತ್ತು, ಲಿಫ್ಟುಗಳು ಆಗಾಗ ಹಗ್ಗ ಹರಿದು ಬೀಳುತ್ತಿದ್ದವು. ಅವರು ಗಾಡಿಗೆ ಹಾಕುವ ಬಿಲ್ಲಿನಾಕಾರದ ಸ್ಪ್ರಿಂಗೊಂದನ್ನು ಲಿಫ್ಟಿನ ತಲೆಯ ಮೇಲೆ ಕೂರಿಸಿ, ಹಗ್ಗವನ್ನು ಅದಕ್ಕೇ ಕಟ್ಟಿದರು. ಹಗ್ಗ ಬಿಗಿಯಾಗಿರುವ ತನಕ ಸ್ಪ್ರಿಂಗ್ ಬಾಗಿರುತ್ತದೆ. ಹಗ್ಗ ಹರಿದರೆ ಸ್ಪ್ರಿಂಗ್ ನೆಟ್ಟಗಾಗಿ ಅದರ ಎರಡು ತುದಿಗಳೂ ಇಕ್ಕೆಲದ ಹಳಿಗಳಲ್ಲಿ ಕಡೆದ ಹಲ್ಲುಗಳಿಗೆ ಸಿಕ್ಕಿಕೊಳ್ಳುತ್ತವೆ. ಲಿಫ್ಟನ್ನು ಬೀಳಿಸಬೇಕಾದ ಘಟನೆಯೇ ಅದನ್ನು ಹಿಡಿದು ನಿಲ್ಲಿಸುತ್ತದೆ. 1853ರಲ್ಲಿ ಅವರು ಮಾರಿದ ಮೊದಲ ಲಿಫ್ಟುಗಳು ಮಾಲು ಎತ್ತುವಂಥವು. ಮರುವರ್ಷ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೆಸ್ ಪ್ರದರ್ಶನದಲ್ಲಿ ತಾವೇ ಎತ್ತರದ ವೇದಿಕೆಯ ಮೇಲೆ ನಿಂತು ಹಗ್ಗ ಕಡಿಸಿ ತೋರಿಸಿದರು. ಜನ ಹತ್ತುವ ಲಿಫ್ಟ್ ಬ್ರಾಡ್‌ವೇಯ ಹೌವಾಟ್ ಅಂಗಡಿಯಲ್ಲಿ ಓಡಿದ್ದು 1857ರಲ್ಲಿ. ಮಾಲಿನ ಮೇಲೆ ಪರೀಕ್ಷೆಯಾದ ಮೇಲೆಯೇ ಮನುಷ್ಯರು ಹತ್ತಿದರು.

ಇಂದಿನ ಲಿಫ್ಟಿನಲ್ಲಿ ಹಲ್ಲಿನ ಬದಲು ಬೆಣೆಗಳಿವೆ. ವೇಗ ನಿಗದಿತ ಮಿತಿಯನ್ನು ಸುಮಾರು ಶೇ. 15ರಷ್ಟು ಮೀರಿದರೆ ಗವರ್ನರ್ ಎಂಬ ಪ್ರತ್ಯೇಕ ರಾಟೆ ತನ್ನ ಹಗ್ಗವನ್ನು ಹಿಡಿಯುತ್ತದೆ, ಆ ಎಳೆತಕ್ಕೆ ಬೆಣೆಗಳು ಹಳಿಯನ್ನು ಕಚ್ಚುತ್ತವೆ. ಹಗ್ಗವಂತೂ ಒಂದಲ್ಲ, ಹಲವು. 2025ರವರೆಗೆ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆ ಕಾಯ್ದೆಯ 28ನೇ ಕಲಮು ಜನರನ್ನು ಒಯ್ಯುವ ಲಿಫ್ಟಿಗೆ ಕನಿಷ್ಠ ಎರಡು ಹಗ್ಗ ಅಥವಾ ಸರಪಳಿ ಇರಬೇಕು, ಒಂದೊಂದೂ ಪೂರ್ತಿ ಭಾರವನ್ನು ಒಂಟಿಯಾಗಿ ಹೊರುವಂತಿರಬೇಕು ಎನ್ನುತ್ತಿತ್ತು. ಆರು ತಿಂಗಳಿಗೊಮ್ಮೆ ಅರ್ಹ ಪರಿಣತರಿಂದ ತಪಾಸಣೆ ಆಗಬೇಕು ಎಂದೂ ಹೇಳುತ್ತಿತ್ತು. ಇನ್ನು ಹಗ್ಗ ರಾಟೆಯ ಮೇಲೆ ಜಾರದೆ ನಿಲ್ಲುವುದು ಬರೀ ಘರ್ಷಣೆಯಿಂದ. ಉಕ್ಕಿನ ಹಗ್ಗ ರಾಟೆಯ ನುಣುಪಾದ ತೋಡಿನಲ್ಲಿ ಅರ್ಧ ಸುತ್ತು ಕೂತರೆ ಒಂದು ಬದಿಯ ಎಳೆತ ಇನ್ನೊಂದು ಬದಿಗಿಂತ ಸುಮಾರು 1.4 ಪಟ್ಟಿಗೆ ಬರುವಷ್ಟರಲ್ಲಿ ಜಾರತೊಡಗುತ್ತದೆ. ನಮ್ಮ ಖಾಲಿ ಲಿಫ್ಟಿನಲ್ಲಿ ಎರಡು ಬದಿಗಳ ಅನುಪಾತ 2,500ಕ್ಕೆ 1,500, ಅಂದರೆ 1.67. ಅದಕ್ಕೆ 1.4ರ ಮಿತಿ ಸಾಲದು. ಆದ್ದರಿಂದ ರಾಟೆಯ ತೋಡನ್ನು ಇಕ್ಕಟ್ಟಾದ ವಿ ಆಕಾರದಲ್ಲಿ ಕೊರೆದು ಹಗ್ಗ ಅದರೊಳಗೆ ಬಿಗಿದು ಕೂರುವಂತೆ ಮಾಡುತ್ತಾರೆ, ಮಿತಿ 1.9ರ ಹತ್ತಿರಕ್ಕೆ ಏರುತ್ತದೆ. ಈ ಜಾರಿಕೆಯಲ್ಲೂ ಒಂದು ರಕ್ಷಣೆ ಇದೆ. ಕೌಂಟರ್‌ವೇಟ್ ತಳ ಮುಟ್ಟಿ ಕೂತ ಮೇಲೆ ಹಗ್ಗ ಸಡಿಲವಾಗುತ್ತದೆ, ಮೋಟರ್ ಎಷ್ಟು ತಿರುಗಿದರೂ ರಾಟೆ ಜಾರುತ್ತದೆಯೇ ಹೊರತು ಕೇಬಿನ್ನನ್ನು ಚಾವಣಿಗೆ ಎಳೆಯುವುದಿಲ್ಲ.

ಎಲ್ಲ ಹಗ್ಗವೂ ಹರಿದ ಪ್ರಸಂಗ ಇಲ್ಲವೇ ಇಲ್ಲ ಎನ್ನುವಂತಿಲ್ಲ. 1945ರ ಜುಲೈ 28ರಂದು ಮಂಜಿನಲ್ಲಿ ದಾರಿ ತಪ್ಪಿದ ಬಿ-25 ಬಾಂಬರ್ ವಿಮಾನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಅಪ್ಪಳಿಸಿತು. ಹದಿನಾಲ್ಕು ಜನ ಸತ್ತರು. ಲಿಫ್ಟ್ ಆಪರೇಟರ್ ಬೆಟ್ಟಿ ಲೂ ಆಲಿವರ್ ಇದ್ದ ಲಿಫ್ಟ್ 75 ಅಂತಸ್ತು ಕೆಳಗೆ ಬಿತ್ತು. ತಡೆಯಿಲ್ಲದೆ ಮುನ್ನೂರು ಮೀಟರ್ ಬಿದ್ದ ವಸ್ತು ಗಂಟೆಗೆ 270 ಕಿ.ಮೀ. ಮೀರಿದ ವೇಗದಲ್ಲಿ ನೆಲ ಮುಟ್ಟುತ್ತದೆ, ಬದುಕುವ ಮಾತೇ ಇಲ್ಲ. ಬೆಟ್ಟಿ ತೀವ್ರವಾಗಿ ಗಾಯಗೊಂಡರೂ ಬದುಕಿದರು. ಲಿಫ್ಟ್ ಓಡಾಡುವ ಇಕ್ಕಟ್ಟಾದ ಶಾಫ್ಟಿನಲ್ಲಿ ಕೇಬಿನ್ನಿನ ಕೆಳಗಿನ ಗಾಳಿ ಒತ್ತಿಕೊಂಡು ಬೀಳುವಿಕೆಯನ್ನು ನಿಧಾನಗೊಳಿಸಿರಬೇಕು, ಹರಿದು ಬಿದ್ದ ನೂರಾರು ಮೀಟರ್ ಹಗ್ಗ ತಳದಲ್ಲಿ ಸುರುಳಿಗಟ್ಟಿ ಮೆತ್ತೆಯಾಗಿರಬೇಕು ಎಂಬುದು ಅದಕ್ಕೆ ಕೊಡುವ ವಿವರಣೆ. ಒಂದು ವಿಮಾನವೇ ಬಂದು ಹೊಡೆಯಬೇಕಾಯಿತು ಎಂಬುದನ್ನು ಇಲ್ಲಿ ಗಮನಿಸಬೇಕು.

ಹಗ್ಗ ನಿಜವಾಗಿ ತನ್ನ ಮಿತಿಗೆ ಬರುವುದು ಕಟ್ಟಡಗಳಲ್ಲಲ್ಲ, ಗಣಿಗಳಲ್ಲಿ. ಕರ್ನಾಟಕದ ನೆಲದಲ್ಲೇ ಜಗತ್ತಿನ ಅತಿ ಆಳದ ಶಾಫ್ಟುಗಳ ಪೈಕಿ ಕೆಲವು ಇದ್ದವು. ಕೋಲಾರದ ಚಿನ್ನದ ಗಣಿಗಳಲ್ಲಿ ಚಾಂಪಿಯನ್ ರೀಫ್ ಸುಮಾರು 3.2 ಕಿ.ಮೀ. ಆಳ ಮುಟ್ಟಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಅಷ್ಟು ದೂರದಿಂದ ಎಳೆದು ತಂದದ್ದು ಈ ಗಣಿಗಳ ಯಂತ್ರಗಳಿಗಾಗಿ. ಗಣಿಗಳಲ್ಲಿ ಲಿಫ್ಟಿಗೆ ಕೇಜ್ ಎನ್ನುತ್ತಾರೆ. ಅದನ್ನು ನಡೆಸುವವರು ಅದರೊಳಗೆ ಇರುವುದಿಲ್ಲ. ಶಾಫ್ಟಿನ ಬಾಯಿಂದ ದೂರದ ಮನೆಯೊಂದರಲ್ಲಿ ದೈತ್ಯ ಡ್ರಮ್ಮಿನ ಮುಂದೆ ಕುಳಿತಿರುತ್ತಾರೆ. ಅವರು ವೈಂಡಿಂಗ್ ಎಂಜಿನ್ ಡ್ರೈವರ್. ಕೇಜ್ ಅವರಿಗೆ ಕಾಣುವುದಿಲ್ಲ. ಕಣ್ಣೆದುರಿಗೆ ಇರುವುದು ಆಳ ತೋರಿಸುವ ಮುಳ್ಳು ಮತ್ತು ಡ್ರಮ್ಮಿನ ಮೇಲೆ ಹಾಕಿದ ಗುರುತುಗಳು. ಕಿವಿಗೆ ಬೀಳುವುದು ಗಂಟೆಯ ಬಡಿತ. ನಿಂತಿರುವಾಗ ಒಂದು ಬಡಿತ ಬಂದರೆ ಎತ್ತು, ಓಡುತ್ತಿರುವಾಗ ಒಂದು ಬಂದರೆ ನಿಲ್ಲಿಸು, ಎರಡು ಬಂದರೆ ಇಳಿಸು, ಮೂರು ಬಂದರೆ ಈ ಸಲ ಹತ್ತುವವರು ಮನುಷ್ಯರು. ಮೂರು ಬಡಿದ ಮೇಲೆ ವೇಗವನ್ನು ಇಳಿಸಿ ಓಡಿಸಬೇಕು. ಅದಿರಿಗೂ ಆಳಿಗೂ ಒಂದೇ ಹಗ್ಗ, ಒಂದೇ ಡ್ರಮ್ಮು. ಬೇರೆಯಾಗುವುದು ಡ್ರೈವರಿನ ಕೈ.

ಆಳ ಹೆಚ್ಚಿದಂತೆ ಹಗ್ಗವೇ ಹೊರೆಯಾಗುತ್ತದೆ. ನಲವತ್ತು ಮಿಲಿಮೀಟರ್ ದಪ್ಪದ ತಂತಿಹಗ್ಗ ಮೀಟರಿಗೆ ಆರೂವರೆ ಕಿಲೋ ತೂಗುತ್ತದೆ ಎಂದರೆ, ಎರಡು ಕಿ.ಮೀ. ಇಳಿಬಿಟ್ಟಾಗ ಹಗ್ಗವೊಂದೇ ಹದಿಮೂರು ಟನ್. ಒಂದು ಕೇಜ್ ಏರುವಾಗ ಇನ್ನೊಂದು ಇಳಿಯುವ ವ್ಯವಸ್ಥೆಯಲ್ಲಿ, ಆರಂಭದಲ್ಲಿ ಡ್ರೈವರ್ ಅದಿರಿನ ಜೊತೆ ಈ ಹದಿಮೂರು ಟನ್ನನ್ನೂ ಎಳೆಯುತ್ತಾರೆ. ನಡುದಾರಿಯಲ್ಲಿ ಎರಡೂ ಹಗ್ಗಗಳು ಸಮವಾಗುತ್ತವೆ. ಅಲ್ಲಿಂದಾಚೆ ಇಳಿಯುತ್ತಿರುವ ಬದಿಯ ಹಗ್ಗ ಭಾರವಾಗುತ್ತಾ ಹೋಗಿ, ಎಳೆಯುತ್ತಿದ್ದ ಎಂಜಿನ್ನನ್ನು ಈಗ ತಡೆದು ಹಿಡಿಯಬೇಕಾಗುತ್ತದೆ. ಒಂದೇ ಪಯಣದಲ್ಲಿ ಎಳೆಯುವ ಕೆಲಸ ತಡೆಯುವ ಕೆಲಸವಾಗಿ ಬದಲಾಗುತ್ತದೆ. ಕೇಜುಗಳ ತಳಕ್ಕೆ ಸಮತೋಲನದ ಹಗ್ಗ ಕಟ್ಟುವುದು, ಡ್ರಮ್ಮನ್ನು ಶಂಕುವಿನಾಕಾರದಲ್ಲಿ ಮಾಡುವುದು ಇವೆಲ್ಲ ಈ ಏರುಪೇರನ್ನು ತಗ್ಗಿಸುವ ಉಪಾಯಗಳು.

ಇನ್ನೂ ಆಳಕ್ಕೆ ಹೋದರೆ? ಒಳ್ಳೆಯ ಉಕ್ಕಿನ ತಂತಿಹಗ್ಗವನ್ನು ಏನೂ ಕಟ್ಟದೆ ಇಳಿಬಿಡುತ್ತಾ ಹೋದರೆ ಸುಮಾರು ಇಪ್ಪತ್ತು ಕಿ.ಮೀ. ಉದ್ದಕ್ಕೆ ಅದು ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಹಗ್ಗ ಎಷ್ಟು ದಪ್ಪ ಎಂಬುದು ಇಲ್ಲಿ ಮುಖ್ಯವಲ್ಲ, ದಪ್ಪ ಹೆಚ್ಚಿದರೆ ಬಲವೂ ಹೆಚ್ಚು, ತೂಕವೂ ಅಷ್ಟೇ ಹೆಚ್ಚು. ಮನುಷ್ಯರನ್ನು ಒಯ್ಯುವ ಹಗ್ಗಕ್ಕೆ ಹತ್ತು ಪಟ್ಟು ಸುರಕ್ಷತೆ ಇರಬೇಕು ಎಂದರೆ ಎರಡು ಕಿ.ಮೀ. ಆಳದಲ್ಲಿ ಆ ಮೀಸಲೆಲ್ಲ ಹಗ್ಗದ ಸ್ವಂತ ತೂಕಕ್ಕೇ ಖರ್ಚಾಗಿರುತ್ತದೆ, ಕೇಜಿಗೆ ಏನೂ ಉಳಿಯುವುದಿಲ್ಲ. ಅದಕ್ಕೇ ಕೋಲಾರದಲ್ಲಿ ಆಳದ ಗಣಿಗೆ ಒಂದೇ ನೆಗೆತದಲ್ಲಿ ಇಳಿಯುತ್ತಿರಲಿಲ್ಲ. ಒಂದು ಶಾಫ್ಟಿನಲ್ಲಿ ಇಳಿದು, ಸುರಂಗದಲ್ಲಿ ನಡೆದು, ನೆಲದೊಳಗೇ ಕೊರೆದ ಇನ್ನೊಂದು ಶಾಫ್ಟಿನ ಕೇಜ್ ಹತ್ತಬೇಕಿತ್ತು. ಹೊಸ್ತಿಲಿನ ಸಮಸ್ಯೆಯೂ ಇಲ್ಲಿ ದೊಡ್ಡದಾಗುತ್ತದೆ. ಒಂದು ಕಿ.ಮೀ. ಹಗ್ಗದ ತುದಿಯಲ್ಲಿ ನಿಂತ ಕೇಜಿಗೆ ಮೂರು ಟನ್ ಅದಿರು ಹೇರಿದರೆ ಅದು ಹತ್ತಿರ ಹತ್ತಿರ ಅರ್ಧ ಮೀಟರ್ ಕುಸಿಯುತ್ತದೆ. ಗೋಡೌನಿನ ಒಂದೂವರೆ ಸೆಂಟಿಮೀಟರನ್ನು ಕಬ್ಬಿಣದ ತಗಡು ನಿಭಾಯಿಸುತ್ತದೆ, ಅರ್ಧ ಮೀಟರನ್ನು ನಿಭಾಯಿಸಲು ಶಾಫ್ಟಿನ ಬದಿಯಲ್ಲಿ ಕೇಜನ್ನು ಹಿಡಿದಿಡುವ ಆಧಾರಗಳೋ ಮೇಲೆ ಕೆಳಗೆ ಆಡುವ ಸೇತುವೆಗಳೋ ಬೇಕು.

ಈ ಶಾಫ್ಟುಗಳಲ್ಲಿ ಚಿನ್ನದ ಅದಿರು ಮೇಲೆ ಬಂದರೆ, ವಿಜ್ಞಾನದ ಸಾಮಾನು ಕೆಳಗೆ ಹೋಯಿತು. ಕಾಸ್ಮಿಕ್ ಕಿರಣಗಳ ಗದ್ದಲದಿಂದ ತಪ್ಪಿಸಿಕೊಳ್ಳಲು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರ ಜೊತೆ ಸೇರಿ 2.3 ಕಿ.ಮೀ. ಆಳದಲ್ಲಿ ಉಪಕರಣ ಇಟ್ಟರು. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಅಲ್ಲಿ ಸಿಕ್ಕಿತು. ಅದೇ ವರ್ಷ ಅದೇ ಗುರುತು ಸಿಕ್ಕ ಇನ್ನೊಂದು ಜಾಗ ದಕ್ಷಿಣ ಆಫ್ರಿಕಾದ್ದು, ಅದೂ ಚಿನ್ನದ ಗಣಿಯೇ. ಮುಂದೆ 1980ರ ಹೊತ್ತಿಗೆ ಪ್ರೋಟಾನು ಕ್ಷಯಿಸುತ್ತದೆಯೇ ಎಂದು ನೋಡಲು ಕೋಲಾರದ ಅದೇ ಆಳದಲ್ಲಿ 140 ಟನ್ನಿನ ಶೋಧಕವನ್ನು ಕಟ್ಟಿದರು. ಕಬ್ಬಿಣದ ಫಲಕಗಳ ನಡುವೆ ಸಾಲು ಸಾಲು ಎಣಿಕೆ ಕೊಳವೆಗಳು. 140 ಟನ್ ಒಂದೇ ಸಲಕ್ಕೆ ಇಳಿಯುವುದಿಲ್ಲ, ಕೇಜಿನ ಅಗಲ ಉದ್ದಗಳಿಗೆ ಹೊಂದುವ ತುಂಡುಗಳಾಗಿ, ಅದಿರಿನ ಪಾಳಿಗಳ ನಡುವೆ ಇಳಿಯಬೇಕು. ಭೌತವಿಜ್ಞಾನದ ಚರಿತ್ರೆಯಲ್ಲಿ ಈ ಪ್ರಯೋಗಗಳ ಹೆಸರು ಬರುವ ಕಡೆಯೆಲ್ಲ ಕೇಜ್ ನಡೆಸಿದವರ ನೆನಪೂ ಬರಬೇಕೆಂಬುದು ನನ್ನ ಆಸೆ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಮಾತ್ರ ಚಿನ್ನದ ಅದಿರು ಈಗಲೂ ಶಾಫ್ಟಿನಿಂದ ಮೇಲೆ ಬರುತ್ತದೆ.

ಎಷ್ಟೇ ನುರಿತ ಕೈಯಾದರೂ ಯಂತ್ರದ ಒಂದು ಕಂಬಿ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಮಾರ್ಕಮ್ ಕಲ್ಲಿದ್ದಲು ಗಣಿ ಸಾಕ್ಷಿ. 1973ರ ಜುಲೈ 30ರ ಬೆಳಗ್ಗೆ 29 ಜನರಿದ್ದ ಕೇಜ್ ಇಳಿಯುತ್ತಿತ್ತು. ಬ್ರೇಕಿನ ಬಲವೆಲ್ಲ ಹಾದುಹೋಗುತ್ತಿದ್ದ ಒಂದೇ ಒಂದು ಉಕ್ಕಿನ ಸರಳು ಮುರಿಯಿತು. ಅದರೊಳಗೆ ವರ್ಷಗಳಿಂದ ಬೆಳೆದ ಸೀಳು ಹೊರಗಿನಿಂದ ಯಾರಿಗೂ ಕಂಡಿರಲಿಲ್ಲ. ಡ್ರೈವರ್ ತುರ್ತು ಗುಂಡಿ ಒತ್ತಿದರು. ಅದು ಮಾಡಬೇಕಾದದ್ದನ್ನೇ ಮಾಡಿ ಮೋಟರಿನ ವಿದ್ಯುತ್ತನ್ನು ಕಡಿದುಹಾಕಿತು, ಅದರೊಂದಿಗೆ ಮೋಟರು ಕೇಜನ್ನು ತಡೆದು ಹಿಡಿಯಬಹುದಾಗಿದ್ದ ಶಕ್ತಿಯೂ ಹೋಯಿತು. 18 ಜನ ಸತ್ತರು. ಹಗ್ಗಕ್ಕೆ ಹಲವು ಪಟ್ಟು ಸುರಕ್ಷತೆ ಇತ್ತು, ಬ್ರೇಕಿನ ಸರಳಿಗೆ ಜೊತೆಯೇ ಇರಲಿಲ್ಲ. ಒಂದೇ ಭಾಗದ ಮೇಲೆ ಎಲ್ಲವೂ ನಿಲ್ಲುವ ವಿನ್ಯಾಸವನ್ನು ವೈಂಡಿಂಗ್ ಎಂಜಿನ್ನುಗಳಿಂದ ತೆಗೆದುಹಾಕುವ ಕೆಲಸ ಅಲ್ಲಿಂದ ಗಂಭೀರವಾಗಿ ನಡೆಯಿತು. ದಕ್ಷಿಣ ಆಫ್ರಿಕಾದ ವಾಲ್ ರೀಫ್ಸ್‌ನಲ್ಲಿ 1995ರ ಮೇ ತಿಂಗಳಲ್ಲಿ ಆದದ್ದು ಇನ್ನೊಂದು ಬಗೆ. ಸುರಂಗದ ಹಳಿಯ ಮೇಲಿದ್ದ ಎಂಜಿನ್ ತಡೆಗಳನ್ನು ದಾಟಿ ಶಾಫ್ಟಿಗೆ ಉರುಳಿ, ಕೆಳಗಿದ್ದ ಕೇಜಿನ ಮೇಲೆ ಬಿತ್ತು. ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಲ್ಲಿ ಸೋತದ್ದು ಹಗ್ಗವಲ್ಲ, ಶಾಫ್ಟಿನ ಬಾಯಿ.

ಆಪರೇಟರ್ ಎಂಬ ಕೆಲಸ ಕಟ್ಟಡಗಳಲ್ಲಿ ಬೇಗ ಬೇಗ ಕಡಿಮೆಯಾಯಿತು. 1945ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಲಿಫ್ಟ್ ನಡೆಸುವವರು ಮತ್ತು ಕಟ್ಟಡಗಳ ನಿರ್ವಹಣಾ ಕಾರ್ಮಿಕರು ಸಾವಿರಾರು ಸಂಖ್ಯೆಯಲ್ಲಿ ಮುಷ್ಕರ ಹೂಡಿದಾಗ ಊರಿನ ವ್ಯಾಪಾರವೇ ನಿಂತಿತ್ತು, ಕಟ್ಟಡದ ಮಾಲೀಕರು ಗುಂಡಿಯ ಲಿಫ್ಟಿನ ಕಡೆ ವಾಲಿದ್ದು ಅದರ ನಂತರ. ಇಂದಿನ ಡ್ರೈವ್‌ಗಳು ಮೋಟರಿನ ವೇಗವನ್ನು ಹಂತಹಂತವಾಗಿ ಇಳಿಸಿ ಮಿಲಿಮೀಟರುಗಳ ಲೆಕ್ಕದಲ್ಲಿ ನಿಲ್ಲಿಸುತ್ತವೆ. ಭಾರಕ್ಕೆ ನೆಲ ಕುಸಿದರೆ ತಾವೇ ಮತ್ತೆ ಮೇಲೆತ್ತುತ್ತವೆ. ಮುಂಗೈಯ ಅಂದಾಜನ್ನು ಯಂತ್ರ ಕಲಿತಿದೆ, ಅದು ಒಳ್ಳೆಯದೇ. ಆದರೆ ನೆಲದಡಿಯ ತೂಕಮಾಪಕ 1,900 ಕಿಲೋ ಎಂದು ಹೇಳುತ್ತದೆ, ಆ ಭಾರ ಯಾವ ಮೂಲೆಯಲ್ಲಿದೆ, ಕಟ್ಟಿದ್ದಾರೋ ಇಲ್ಲವೋ, ರೀಲು ಉರುಳುತ್ತದೆಯೋ ಎಂಬುದನ್ನು ಹೇಳುವುದಿಲ್ಲ. ಬಾಗಿಲು ಮುಚ್ಚದೆ ಲಿಫ್ಟ್ ಕದಲಬಾರದೆಂದು ಗೇಟಿನಲ್ಲಿ ಸ್ವಿಚ್ ಇಟ್ಟಿರುತ್ತಾರೆ. ಅವಸರದ ಗೋಡೌನುಗಳಲ್ಲಿ ಅದೇ ಸ್ವಿಚ್ಚಿಗೆ ತಂತಿ ಸುತ್ತಿ ಸದಾ ಒತ್ತಿ ಹಿಡಿದಿರುವುದನ್ನು ಯಾರು ಬೇಕಾದರೂ ನೋಡಬಹುದು. ಗೇಟು ತೆರೆದೇ ಲಿಫ್ಟ್ ಮೇಲಿನ ಮಹಡಿಗೆ ಹೋಗಿರುತ್ತದೆ, ಕೆಳಗೆ ಕತ್ತಲಲ್ಲಿ ಯಾರೋ ಗಾಡಿಯನ್ನು ಎಳೆಯುತ್ತಾ ಹಿಮ್ಮುಖವಾಗಿ ನಡೆದು ಬರುತ್ತಾರೆ. ಕಾರ್ಖಾನೆ ಕಾಯ್ದೆ ಈ ಗೇಟಿನ ಬೀಗವನ್ನು ಹಗ್ಗದಷ್ಟೇ ಮಹತ್ವಕೊಟ್ಟು ಹೆಸರಿಸಿತ್ತು. ಸುಲ್ತಾನ್‌ಪೇಟೆಯ ಆ ಲಿಫ್ಟಿನಲ್ಲಿ ತಂತಿ ಇರಲಿಲ್ಲ. ಹೊತ್ತಾಯಿತು ಎಂದು ಮೇಲಿಂದ ಕೂಗಿದವರಿಗೆ ಹಿರಿಯರು, ಗೇಟು ಹಾಕಿ ಆಮೇಲೆ ಕರೆಯಿರಿ ಎಂದು ಕೂಗಿ ಹೇಳಿ, ಅದು ಮುಚ್ಚಿದ ಸದ್ದು ಬರುವ ತನಕ ಗುಂಡಿ ಮುಟ್ಟಲಿಲ್ಲ.